ದಾದಿಮಾರನ್ನು ಕೇಳದೆ ಕೊಂಡ ಫೋನು

2019ರ ಡಿಸೆಂಬರ್ ತಿಂಗಳ ಒಂದು ಶುಕ್ರವಾರ. ಆಳಂದದ ನಮ್ಮ ಮನೆಯಲ್ಲಿ ದಾದಿಮಾ ಬೆಳಗಿನಿಂದಲೂ ಸಂತೋಷವಾಗಿದ್ದರು. ದಿಂಬಿನ ಪಕ್ಕದಲ್ಲಿಟ್ಟಿದ್ದ ಸ್ಮಾರ್ಟ್‌ಫೋನು ಫಜರ್ ನಮಾಝಿನ ಹೊತ್ತಿನಿಂದ ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. "ಇವತ್ತು ಜುಮಾ ಅಲ್ಲವೇ, ಮಕ್ಕಳು ನೆನೆಸಿಕೊಳ್ಳುತ್ತಿದ್ದಾರೆ" ಎಂದು ಅವರು ಅಮ್ಮಿಗೆ ಹೇಳಿದರಂತೆ. ಅವರು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಪ್ರತಿ ಶುಕ್ರವಾರದಂತೆ ಅಂದೂ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗುಲಾಬಿ ಹೂವಿನ, ಮದೀನಾದ ಹಸಿರು ಗುಮ್ಮಟದ 'ಜುಮಾ ಮುಬಾರಕ್' ಚಿತ್ರಗಳು ಒಂದರ ಹಿಂದೊಂದು ಬರುತ್ತಿದ್ದವು. ಆ ಚಿತ್ರಗಳ ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಒಂದು ಸಾಲೂ ಇತ್ತು. ಜೇವರ್ಗಿಯ ಛೋಟಿಮಾ ತೀರಿಕೊಂಡರು, ಜುಮಾ ನಮಾಝಿನ ಬಳಿಕ ಮಿಟ್ಟಿ.

ಛೋಟಿಮಾ ಎಂದರೆ ದಾದಿಮಾರ ಬೆನ್ನಿಗೆ ಹುಟ್ಟಿದ ತಂಗಿ. ಜೇವರ್ಗಿ ತಾಲೂಕಿನ ಒಂದು ಹಳ್ಳಿಗೆ ಮದುವೆಯಾಗಿ ಹೋದವರು.

ಆ ಸಾಲನ್ನು ನಾವೆಲ್ಲ ಓದಿದೆವು. ನಾವು ಎಂದರೆ ಮೊಮ್ಮಕ್ಕಳು. ಪುಣೆ, ಬೆಂಗಳೂರು, ಕಲಬುರಗಿ, ದೂರದ ದಮ್ಮಾಮ್ ಎಂದು ಚದುರಿಹೋದವರು. ಓದಿದವರೆಲ್ಲ 'ಇನ್ನಾ ಲಿಲ್ಲಾಹಿ' ಎಂದು ಬರೆದೆವು. ಪ್ರತಿಯೊಬ್ಬರೂ ಬರೆಯುವಾಗ ಮನೆಯಲ್ಲಿ ಯಾರಾದರೂ ದಾದಿಮಾರಿಗೆ ಹೇಳಿರುತ್ತಾರೆ ಎಂದುಕೊಂಡೆವು. ಯಾರೂ ಹೇಳಿರಲಿಲ್ಲ. ಅಬ್ಬಾ ತೊಗರಿ ಹೊಲದಲ್ಲಿದ್ದರು, ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಅಮ್ಮಿಯ ಬಳಿ ಫೋನಿಲ್ಲ. ಜುಮಾಕ್ಕೆಂದು ಅಬ್ಬಾ ಊರೊಳಗೆ ಬಂದಾಗ ಗಂಟೆ ಹನ್ನೆರಡೂವರೆ. ಆಳಂದದಿಂದ ಕಲಬುರಗಿಗೆ, ಅಲ್ಲಿಂದ ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟಿ ಜೇವರ್ಗಿಗೆ, ಅಲ್ಲಿಂದ ಹಳ್ಳಿಗೆ. ಅವರು ತಲುಪುವಾಗ ಅಸರ್ ಆಗಿತ್ತು. ದಾದಿಮಾರಿಗೆ ತಂಗಿಯ ಮುಖ ಸಿಗಲಿಲ್ಲ.

"ಗ್ರೂಪ್‌ನ್ಯಾಗ ಹಾಕಿದ್ದೆವಲ್ರೀ" ಎಂದು ಅಲ್ಲಿಯವರು ಸಂಕಟದಿಂದ ಹೇಳಿದರು. ಹಾಕಿದ್ದು ನಿಜ. ಸುದ್ದಿ ದಾದಿಮಾರ ಕೈಗೆ ಬಂದದ್ದೂ ನಿಜ. ಆರು ತಾಸು ಅದು ಅವರ ಅಂಗೈಯಲ್ಲೇ ಇತ್ತು.

ಆ ಫೋನು ನಮ್ಮದೇ ಉಡುಗೊರೆ. ಈದ್ ಹಬ್ಬಕ್ಕೆ ಎಲ್ಲರೂ ಹಣ ಕೂಡಿಸಿ ತಂದುಕೊಟ್ಟಿದ್ದೆವು. ದೊಡ್ಡ ಪರದೆಯದು, ಒಳ್ಳೆಯ ಕ್ಯಾಮೆರಾ ಇರುವುದು. ಮೊಮ್ಮಕ್ಕಳ ಮುಖ ನೋಡುತ್ತಾ ಮಾತಾಡಲಿ ಎಂಬುದು ನಮ್ಮ ಆಸೆ. ಹೆಸರುಗಳನ್ನು ನಮಗೆ ತಿಳಿದಂತೆ ಇಂಗ್ಲಿಷಿನಲ್ಲಿ ತುಂಬಿಸಿದೆವು. ಒಂದು ತಾಸು ಪಾಠ ಹೇಳಿದೆವು. ದಾದಿಮಾರ ಬೆರಳು ಒಣಗಿ ಒರಟಾಗಿತ್ತು, ಪರದೆ ಅದನ್ನು ಗುರುತಿಸುತ್ತಲೇ ಇರಲಿಲ್ಲ. ಅವರು ಗಟ್ಟಿಯಾಗಿ ಒತ್ತುತ್ತಿದ್ದರು, ಅದು ಬೇರೇನನ್ನೋ ತೆರೆಯುತ್ತಿತ್ತು. "ಕೊಡಿ ಇಲ್ಲಿ, ನಿಮಗೆ ಗೊತ್ತಾಗಲ್ಲ" ಎಂದು ನಾವು ಕಿತ್ತುಕೊಂಡು ಸರಿಮಾಡಿ ಕೊಡುತ್ತಿದ್ದೆವು. ವೃದ್ಧರಾದ ತಂದೆತಾಯಿಗಳಿಗೆ 'ಉಫ್' ಎಂದು ಕೂಡ ಹೇಳಬಾರದೆಂಬ ಕುರ್‌ಆನಿನ ಆದೇಶವನ್ನು ನಾವು ಮದ್ರಸದಲ್ಲೇ ಕಲಿತವರು. ನಮ್ಮ ಬಾಯಿಂದ 'ಉಫ್' ಬಂದಿರಲಿಲ್ಲ, ನಿಜ. ಆದರೆ ಹಿರಿಯರ ಕೈಯಿಂದ ವಸ್ತುವನ್ನು ಹಾಗೆ ಕಿತ್ತುಕೊಳ್ಳುವುದಕ್ಕೆ ಬೇರೆ ಏನೆಂದು ಹೆಸರಿಡಬೇಕು?

ಜೇವರ್ಗಿಯಿಂದ ಮರಳಿದ ಮೇಲೆ ದಾದಿಮಾ ಫೋನನ್ನು ಒಂದು ಬಟ್ಟೆಯಲ್ಲಿ ಸುತ್ತಿ ಸಂದೂಕದೊಳಗೆ ಇಟ್ಟುಬಿಟ್ಟರು. ಯಾರನ್ನೂ ಬೈಯಲಿಲ್ಲ.

ನಮ್ಮಂಥ ಕುಟುಂಬಗಳಿಗೆ ದೂರವೆನ್ನುವುದು ಹೊಸತಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳು ಮಳೆ ನಂಬಿ ಬದುಕುವ ತೊಗರಿಯ ನಾಡು. ಮಳೆ ಕೈಕೊಟ್ಟ ವರ್ಷ ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು ಎಂದು ಹೊರಡುತ್ತಾರೆ. ಹೊರಟವರ ಜೊತೆ ಸಂಬಂಧ ಉಳಿಸಿಕೊಳ್ಳಲು ಮನೆಯವರು ಪ್ರತಿ ಕಾಲದಲ್ಲೂ ಏನಾದರೊಂದು ಉಪಾಯ ಮಾಡಿಕೊಂಡಿದ್ದಾರೆ. 1980ರ ದಶಕದಲ್ಲಿ ಚಾಚಾ ದಮ್ಮಾಮ್‌ನಿಂದ ಪತ್ರದ ಬದಲು ಕ್ಯಾಸೆಟ್ ಕಳಿಸುತ್ತಿದ್ದರು. ರಜೆಗೆ ಬರುವ ಯಾರದೋ ಕೈಯಲ್ಲಿ ಅದು ಬರುತ್ತಿತ್ತು. ಒಂದು ಬದಿಯಲ್ಲಿ ಅವರ ಮಾತು. ಇನ್ನೊಂದು ಬದಿ ಖಾಲಿ, ಅದು ಮನೆಯವರ ಉತ್ತರಕ್ಕೆ. ಓದಲು ಬಾರದ ತಾಯಿಗೂ ಬರೆಯಲು ಬಾರದ ಮಗನಿಗೂ ಅದಕ್ಕಿಂತ ಒಳ್ಳೆಯ ಅಂಚೆ ಇರಲಿಲ್ಲ. ಅದನ್ನು ಯಾವ ಕಂಪನಿಯೂ ಹೇಳಿಕೊಟ್ಟದ್ದಲ್ಲ. ಹಾಡು ಕೇಳಲೆಂದು ಮಾಡಿದ ಯಂತ್ರವನ್ನು ಮನೆಯವರೇ ಅಂಚೆಯಾಗಿ ಮಾಡಿಕೊಂಡಿದ್ದರು.

ಆಮೇಲೆ ಹಳ್ಳಿಗಳಿಗೆ ಫೋನು ಬಂತು. ಅದರ ಕಥೆಯಲ್ಲೂ ಒಂದು ಪಾಠವಿದೆ. ವಿದೇಶದ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಾಗಿತ್ತು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆಯ ಎಂಜಿನಿಯರುಗಳು ನಮ್ಮ ಹಳ್ಳಿಯ ಬಿಸಿಲು, ಧೂಳು, ಕೈಕೊಡುವ ಕರೆಂಟು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು 128 ಪೋರ್ಟುಗಳ ಚಿಕ್ಕ ಎಕ್ಸ್‌ಚೇಂಜ್ ಮಾಡಿದರು. ಅಂಥ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ನೆಲೆಗೊಂಡಿತು. ಹಳ್ಳಿಯನ್ನು ನೋಡಿ ಯಂತ್ರ ಮಾಡಿದ್ದರಿಂದ ಅದು ಹಳ್ಳಿಯಲ್ಲಿ ಬಾಳಿತು. ಎಸ್‌ಟಿಡಿ ಬೂತುಗಳೂ, ಪಕ್ಕದ ಮನೆಯ 'ಪಿಪಿ ನಂಬರು'ಗಳೂ ಆ ಕಾಲದವು. ಕಿರಾಣಿ ಅಂಗಡಿಯ ಹುಡುಗ ಓಡಿಬಂದು "ನಿಮ್ದು ಪುಣೆ ಫೋನ್ ಬಂದದ" ಎಂದು ಕೂಗಿದರೆ ದಾದಿಮಾ ಸೆರಗು ಸರಿಪಡಿಸಿಕೊಳ್ಳುತ್ತಾ ಓಡುತ್ತಿದ್ದರು.

2003ರಲ್ಲಿ ಮೊಬೈಲಿಗೆ ಒಳಬರುವ ಕರೆ ಉಚಿತವಾಯಿತು. ಎತ್ತದ ಕರೆಗೆ ದುಡ್ಡಿಲ್ಲ ಎಂಬುದನ್ನು ಬಡವರು ಕೂಡಲೇ ಕಂಡುಕೊಂಡರು. ಮಿಸ್ಡ್ ಕಾಲ್ ಹುಟ್ಟಿತು. ಒಂದು ಸಲ ರಿಂಗಾದರೆ ಮುಟ್ಟಿದೆ ಎಂದರ್ಥ, ಎರಡು ಸಲವಾದರೆ ನೀನೇ ಫೋನ್ ಮಾಡು ಎಂದರ್ಥ. ಪ್ರತಿ ಮನೆಗೂ ಅದರದೇ ಲಿಪಿ. ಕೋಟ್ಯಂತರ ಜನ ಬಳಸಿದ ಈ ಭಾಷೆಯನ್ನು ಯಾವ ಪ್ರಯೋಗಾಲಯವೂ ರೂಪಿಸಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ, ಬಸ್ ಹತ್ತುವ ಮೊದಲು, ತಾಯಿ ಮಗ ಕೂಡಿ ಮಾಡಿಕೊಂಡ ಒಪ್ಪಂದವದು.

ಇಷ್ಟು ಉಪಾಯ ಬಲ್ಲ ಮನೆಯಲ್ಲಿ, ಕೈಗೆ ದುಡ್ಡು ಬಂದ ಕೂಡಲೇ ನಾವು ಕೂಡಿ ಯೋಚಿಸುವುದನ್ನು ಬಿಟ್ಟು ಅಂಗಡಿಗೆ ಹೋಗಿದ್ದೆವು.

2020ರ ಜನವರಿಯಲ್ಲಿ ಮನೆಯ ಒಂದು ನಿಕಾಹ್‌ಗೆಂದು ಎಲ್ಲರೂ ಆಳಂದದಲ್ಲಿ ಸೇರಿದ್ದೆವು. ಛೋಟಿಮಾರ ಮಕ್ಕಳು ಜೇವರ್ಗಿಯಿಂದ ಬಂದಿದ್ದರು. ಅಫಜಲಪುರ ತಾಲೂಕಿನ ಭೀಮಾ ದಂಡೆಯ ಹಳ್ಳಿಯಿಂದ ಫುಪ್ಪು, ಅಂದರೆ ಅಬ್ಬಾರ ತಂಗಿ, ಬಂದಿದ್ದರು. ಮದುವೆಯ ಮರುದಿನ ರಾತ್ರಿ ಅಂಗಳದಲ್ಲಿ ಚಾಪೆ ಹಾಸಿ ಕುಳಿತಾಗ ಎಂಟು ವರ್ಷದ ಮರಿಮೊಮ್ಮಗ ಕೇಳಿಬಿಟ್ಟ: "ದಾದಿಮಾ, ನಿಮಗೆ ಎಂಥ ಫೋನ್ ಬೇಕು?"

ಎಲ್ಲರೂ ಸುಮ್ಮನಾದೆವು. ಆ ಪ್ರಶ್ನೆಯನ್ನು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ದಾದಿಮಾ ತಮ್ಮ ದಖ್ಖನಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುವುದಾದರೆ ಇಷ್ಟು: "ನನಗೆ ಫೋನ್ ಬೇಡ. ಎಲ್ಲರೂ ರಾತ್ರಿ ಮನೆ ಸೇರಿದ್ದೀರೋ ಇಲ್ಲವೋ ಅಷ್ಟು ತಿಳಿದರೆ ಸಾಕು." ಪುಣೆಯಲ್ಲಿರುವ ತಮ್ಮ ನಗುತ್ತಾ, "ದಿನಾ ಹಾಜರಿ ಕೊಡಬೇಕೇನು?" ಎಂದ. ಆಗ ಅವರು ನಮಗೆಂದೂ ಹೇಳದ ಒಂದು ಮಾತು ಹೇಳಿದರು. 1948ರ ಸೆಪ್ಟೆಂಬರ್‌ನಲ್ಲಿ, ನಿಜಾಮರ ರಾಜ್ಯದ ಮೇಲೆ ಪೊಲೀಸ್ ಕಾರ್ಯಾಚರಣೆ ನಡೆದಾಗ, ಅವರು ಚಿಕ್ಕ ಹುಡುಗಿ. ಅದರ ಹಿಂದೆಯೇ ಬಂದ ಗಲಭೆಯ ದಿನಗಳಲ್ಲಿ ಅವರ ತಂದೆ ಮತ್ತು ಅಣ್ಣ ಎಲ್ಲಿದ್ದಾರೆಂದು ವಾರಗಟ್ಟಲೆ ತಿಳಿಯಲಿಲ್ಲ. ಮಗ್ರಿಬ್ ಆದಮೇಲೆ ತಾಯಿ ಬಾಗಿಲ ಹಿಂದೆ ಕಿವಿಗೊಟ್ಟು ಕೂರುತ್ತಿದ್ದರಂತೆ. ಅಕ್ಕ ತಂಗಿ ಇಬ್ಬರೂ ತಾಯಿಯ ಎರಡು ಪಕ್ಕಗಳಲ್ಲಿ. ತಂದೆ ಒಂದು ರಾತ್ರಿ ಬಂದು ಕದ ತಟ್ಟಿದರು. ಅಣ್ಣ ಬರಲೇ ಇಲ್ಲ. "ಆವತ್ತಿನಿಂದ ಇಶಾ ಆದಮೇಲೆ ನನಗೆ ಎಣಿಸುವ ಅಭ್ಯಾಸ" ಎಂದರು ದಾದಿಮಾ. ಆ ಬಾಗಿಲ ಹಿಂದೆ ಜೊತೆಗೆ ಕುಳಿತಿದ್ದ ಛೋಟಿಮಾ ಒಬ್ಬರಿಗೇ ಈ ಎಣಿಕೆಯ ಅರ್ಥ ಗೊತ್ತಿತ್ತು. ಆಕೆಯ ಸುದ್ದಿಯೇ ದಾದಿಮಾರಿಗೆ ಮುಟ್ಟಿರಲಿಲ್ಲ.

ತಮ್ಮ ಮತ್ತೆ ಹಾಜರಿಯ ಮಾತೆತ್ತಲಿಲ್ಲ.

ನಮ್ಮಲ್ಲೊಬ್ಬಳು ಎಂಜಿನಿಯರಿಂಗ್ ಓದಿದವಳು. ಇಂಥದ್ದನ್ನು ಬೇರೆಡೆ ವಿದ್ವಾಂಸರೇ ಮಾಡಿ ನೋಡಿದ್ದಾರೆ ಎಂದು ಅವಳು ಹೇಳಿದಳು. 2001ರಿಂದ 2003ರವರೆಗೆ ಯುರೋಪಿನಲ್ಲಿ 'ಇಂಟರ್‌ಲಿವಿಂಗ್' ಎಂಬ ಯೋಜನೆ ನಡೆಯಿತು. ಬೇರೆಬೇರೆ ಮನೆಗಳಲ್ಲಿ ವಾಸಿಸುವ ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳನ್ನು ಬೆಸೆಯುವ ಸಾಧನ ಹೇಗಿರಬೇಕೆಂದು ಸ್ವೀಡನ್ ಮತ್ತು ಫ್ರಾನ್ಸಿನ ಸಂಶೋಧಕರು ಆ ಕುಟುಂಬಗಳನ್ನೇ ಕೂರಿಸಿಕೊಂಡು ಯೋಚಿಸಿದರು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯವೂ ಅದರಲ್ಲಿ ಸೇರಿತ್ತು. ಸಾಧನ ಸಿದ್ಧವಾದ ಮೇಲೆ ಅಭಿಪ್ರಾಯ ಕೇಳುವುದು ಅವರ ಕ್ರಮವಾಗಿರಲಿಲ್ಲ. ಅರೆಬರೆ ಮಾಡಿದ ಸರಳ ಸಾಧನಗಳನ್ನು ಮನೆಗಳಲ್ಲಿಟ್ಟು, ಮನೆಯವರು ಅದನ್ನು ಏನು ಮಾಡುತ್ತಾರೆ ಎಂದು ನೋಡಿದರು. ಒಂದು ಸಾಧನದಲ್ಲಿ ಕೀಲಿಮಣೆಯೇ ಇರಲಿಲ್ಲ. ಅಜ್ಜಿ ತನ್ನ ಮನೆಯಲ್ಲಿ ಪೆನ್ನಿನಿಂದ ಗೀಚಿದ್ದು ಮೊಮ್ಮಗುವಿನ ಮನೆಯ ಪರದೆಯಲ್ಲಿ ಕಾಣುತ್ತಿತ್ತು. ಇನ್ನೊಂದು ಸಾಧನ, ಎದುರಿಗಿರುವುದು ಮೂರು ಸೆಕೆಂಡು ಅಲುಗಾಡದಿದ್ದರೆ ಒಂದು ಚಿತ್ರ ತೆಗೆದು ಬಂಧುಗಳ ಮನೆಗೆ ಕಳಿಸುತ್ತಿತ್ತು. ಆ ಚಿತ್ರ ಕ್ರಮೇಣ ಮಾಸಿಹೋಗುತ್ತಿತ್ತು. ಕುಟುಂಬಗಳು ಅವುಗಳಲ್ಲಿ ಆಡಿದ್ದು ದೊಡ್ಡ ಮಾತುಗಳನ್ನಲ್ಲ. ನಾನಿದ್ದೇನೆ, ನೀನಿದ್ದೀಯಾ ಎಂಬಂಥ ಚಿಕ್ಕ ಸನ್ನೆಗಳೇ ಹೆಚ್ಚು. ಕೇಳುತ್ತಾ ಕುಳಿತಿದ್ದ ಫುಪ್ಪು, "ಅಷ್ಟಕ್ಕೆ ಅಷ್ಟೊಂದು ಖರ್ಚು ಮಾಡಿದರೇ? ಮಿಸ್ಡ್ ಕಾಲ್ ಕೊಟ್ಟರೆ ಆಗುತ್ತಿತ್ತಲ್ಲ" ಎಂದರು. ನಕ್ಕೆವು, ಆದರೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ನಮ್ಮ ರಾಜ್ಯದಲ್ಲೂ ಒಂದು ದೊಡ್ಡ ಕನಸು ಹುಟ್ಟಿತ್ತು. ಅಕ್ಷರ ಬಾರದವರೂ ಬಳಸಬಲ್ಲ, ನಮ್ಮ ಭಾಷೆಗಳಲ್ಲಿ ಓದಿ ಹೇಳಬಲ್ಲ, ಸ್ಮಾರ್ಟ್‌ಕಾರ್ಡ್ ಹಾಕಿ ಹಲವರು ಹಂಚಿಕೊಳ್ಳಬಲ್ಲ ಅಗ್ಗದ ಕೈಗಣಕವಾದ 'ಸಿಂಪ್ಯೂಟರ್' ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಅಲ್ಲಿಯ ಎಂಜಿನಿಯರುಗಳೂ ಸೇರಿ ಕಂಡ ಕನಸು. 2004ರಲ್ಲಿ ಅದು ಮಾರುಕಟ್ಟೆಗೂ ಬಂತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೂ ಒಂದು ಯಂತ್ರವನ್ನು ಒಬ್ಬನದೆಂದು ಎಣಿಸದೆ ಹಲವರದೆಂದು ಎಣಿಸಿದ ಆ ಯೋಚನೆ ನಮ್ಮ ಹಳ್ಳಿಗಳನ್ನು ಬಲ್ಲವರದು. ಇಂದಿನ ಸ್ಮಾರ್ಟ್‌ಫೋನು ಒಬ್ಬರ ಜೇಬಿಗೆಂದು ಮಾಡಿದ್ದು. ಅದು ನಮ್ಮ ಮನೆಗೆ ಬಂದು ಐದು ಜನರ ಕೈಯಲ್ಲಿ ಓಡಾಡುತ್ತದೆ, ಆಗ ಅದರ ಅಳತೆ ತಪ್ಪುತ್ತದೆ.

ಅಂದು ರಾತ್ರಿ ಅಂಗಳದಲ್ಲಿ ನಡೆದದ್ದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ, ಮಶ್ವರಾ. ಪರಸ್ಪರ ಸಮಾಲೋಚಿಸಿ ತಮ್ಮ ವ್ಯವಹಾರ ನಡೆಸುವವರನ್ನು ಕುರ್‌ಆನ್ ಮೆಚ್ಚಿ ಹೇಳಿದೆ. ಒಂದು ಅಧ್ಯಾಯದ ಹೆಸರೇ 'ಅಶ್ಶೂರಾ'. ಮಸೀದಿ ಕಮಿಟಿಗೆ, ಮದುವೆ ಮಾತುಕತೆಗೆ ಮಶ್ವರಾ ಮಾಡುವ ನಾವು ಫೋನಿನ ವಿಷಯಕ್ಕೂ ಅದು ಬೇಕೆಂದು ಯೋಚಿಸಿರಲಿಲ್ಲ.

ಮೊದಲು ತೀರ್ಮಾನವಾದದ್ದು ಫೋನು. ದಾದಿಮಾರಿಗೆ ಬೆರಳಿಗೆ ಸಿಗುವ ಗುಂಡಿ ಬೇಕಿತ್ತು. ಆದ್ದರಿಂದ ಕೀಪ್ಯಾಡ್ ಫೋನು. ಒಂದೇ ಗುಂಡಿ ಒತ್ತಿಹಿಡಿದರೆ ಒಂದು ಮನೆಗೆ ಕರೆ ಹೋಗುವಂತೆ ಮಾಡಬಹುದಲ್ಲ, ಯಾವ ಗುಂಡಿ ಯಾರಿಗೆ? ನಾವು ವಯಸ್ಸಿನ ಪ್ರಕಾರ ಬರೆದುಕೊಂಡಿದ್ದೆವು. ದಾದಿಮಾ ಅದನ್ನು ಒಪ್ಪಲಿಲ್ಲ. ಜೇವರ್ಗಿಗೆ 4 ಇರಲಿ ಎಂದರು, ಛೋಟಿಮಾರಿಗೆ ನಾಲ್ಕು ಮಕ್ಕಳು. ಅಫಜಲಪುರಕ್ಕೆ 3, ಫುಪ್ಪು ಅವರ ಮೂರನೆಯ ಕೂಸು. ಪುಣೆಗೆ 9, ಏಕೆಂದರೆ ಅದು ದೂರ, ಕೆಳಗಿನ ಸಾಲಿನಲ್ಲಿರಲಿ. ನಮ್ಮ ಪಟ್ಟಿಯನ್ನು ಅವರು ಒಂದು ವಾರ ಕಂಠಪಾಠ ಮಾಡಿದರೂ ನೆನಪುಳಿಯುತ್ತಿರಲಿಲ್ಲ. ತಮ್ಮ ಪಟ್ಟಿಯನ್ನು ಎಂದೂ ಮರೆಯಲಿಲ್ಲ.

ಗೋಡೆಗೆ ಅಂಟಿಸಲು ಆ ಪಟ್ಟಿಯನ್ನು ಉರ್ದುವಿನಲ್ಲಿ ಮುದ್ರಿಸಿ ಕೊಡುತ್ತೇವೆ ಎಂದೆವು. ಲಿಪಿಯ ವಿಷಯ ನಮ್ಮ ಭಾಗದಲ್ಲಿ ಸ್ವಲ್ಪ ಜಟಿಲ. 1948ರವರೆಗೆ ಇಲ್ಲಿ ಆಡಳಿತದ ಭಾಷೆ ಉರ್ದು. ಆಗ ಓದಿದವರು ಹಿಂದೂಗಳಿರಲಿ ಮುಸ್ಲಿಮರಿರಲಿ ಉರ್ದು ಬಲ್ಲವರು. ದಾದಿಮಾ ನಾಲ್ಕಕ್ಷರ ಕಲಿತದ್ದು ಆ ಉರ್ದುವಿನಲ್ಲಿ. ಅಬ್ಬಾ ಓದಿದ್ದು ಕನ್ನಡ ಶಾಲೆಯಲ್ಲಿ. ನಾವು ಫೋನಿನಲ್ಲಿ ದಖ್ಖನಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತೇವೆ. ಒಂದೇ ಮನೆಯ ಮೂರು ತಲೆಮಾರು ಒಂದೇ ಮಾತನ್ನಾಡುತ್ತೇವೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲಾರೆವು. ಪಕ್ಕದ ಲಿಂಗಾಯತ ಮನೆಯ ಕಾಕಾ ತಮ್ಮ ಅಜ್ಜನ ಕಾಲದ ಉರ್ದು ಹೊಲದ ಕಾಗದಗಳನ್ನು ದಾದಿಮಾರ ಬಳಿ ಓದಿಸಿಕೊಂಡು ಹೋಗುತ್ತಾರೆ. ಅಂಥ ದಾದಿಮಾ ನಮ್ಮ ಗುಂಪಿನಲ್ಲಿ ಅನಕ್ಷರಸ್ಥೆ.

ನಾವು ಮುದ್ರಿಸಿ ತಂದ ಉರ್ದುವನ್ನೂ ಅವರು ಕಷ್ಟಪಟ್ಟೇ ಓದಿದರು. ಕಾರಣ ಆಮೇಲೆ ತಿಳಿಯಿತು. ಅದು ಅರಬಿಯಂತೆ ನೇರ ಸಾಲಿನಲ್ಲಿ ಕೂರುವ ನಸ್ಖ್ ಶೈಲಿ. ಉರ್ದು ಪುಸ್ತಕಗಳಲ್ಲಿ ಅವರು ಓದಿ ಬೆಳೆದದ್ದು ಮೇಲಿನಿಂದ ಓರೆಯಾಗಿ ಇಳಿದುಬರುವ ನಸ್ತಾಲೀಖ್. ಕೊನೆಗೆ ಆ ಪಟ್ಟಿಯನ್ನು ದಾದಿಮಾ ತಾವೇ ಬರೆದರು. ರಟ್ಟಿನ ಮೇಲೆ ನಡುಗುವ ಕೈಯಿಂದ ಬರೆದ ಆ ಎಂಟು ಸಾಲು ಇಂದಿಗೂ ಅವರ ಮಂಚದ ಪಕ್ಕದ ಗೋಡೆಯ ಮೇಲಿದೆ.

ಉಳಿದ ತೀರ್ಮಾನಗಳು ಹೀಗಿದ್ದವು. ಸಾವು, ಆಸ್ಪತ್ರೆ, ಹೆರಿಗೆ ಇಂಥ ಸುದ್ದಿ ಗುಂಪಿನಲ್ಲಿ ಹಾಕಿದರೆ ಹೇಳಿದಂತಲ್ಲ. ಪ್ರತಿ ಊರಿಗೊಬ್ಬರು ಜವಾಬ್ದಾರರು, ಅವರು ಕರೆ ಮಾಡಿ ಬಾಯಿಂದ ಹೇಳಬೇಕು, ಆ ಕಡೆಯಿಂದ ಉತ್ತರ ಕೇಳಿಸಿಕೊಳ್ಳಬೇಕು. ಇಶಾ ಆದಮೇಲೆ ಪ್ರತಿ ಮನೆಯಿಂದ ದಾದಿಮಾರಿಗೆ ಒಂದು ಮಿಸ್ಡ್ ಕಾಲ್; ಅವರು ಎತ್ತುವುದಿಲ್ಲ, ಎಣಿಸುತ್ತಾರೆ. ವೀಡಿಯೊ ಕರೆ ಮಾಡುವ ಮೊದಲು ಸಾದಾ ಕರೆ ಮಾಡಿ ಕೇಳಬೇಕು. ಇದು ಫುಪ್ಪು ಹೇಳಿದ್ದು: "ತಲೆ ಮೇಲೆ ಸೆರಗಿರುವುದಿಲ್ಲ, ಹಿಂದೆ ಯಾರೋ ಕುಳಿತಿರುತ್ತಾರೆ, ನೀವು ಸೀದಾ ಮನೆಯೊಳಗೇ ಬಂದುಬಿಡುತ್ತೀರಿ. ಕದ ತಟ್ಟುವುದಿಲ್ಲವೇ?" ಇನ್ನೊಬ್ಬ ತಮ್ಮ ದಾದಿಮಾರ ಫೋನಿಗೆ ಅಝಾನ್ ರಿಂಗ್‌ಟೋನ್ ಹಾಕುತ್ತೇನೆಂದ. ಅವರು ಬೇಡವೆಂದರು. ಅಝಾನನ್ನು ನಡುವೆ ಕತ್ತರಿಸಿ ಹಲೋ ಎನ್ನಬೇಕಾಗುತ್ತದಲ್ಲ ಎಂಬುದು ಅವರ ಪ್ರಶ್ನೆ.

ಅಬ್ಬಾರ ಸ್ಮಾರ್ಟ್‌ಫೋನಿನಲ್ಲಿ ಧ್ವನಿಗೆಂದೇ ಒಂದು ಗುಂಪು ಮಾಡಿದೆವು. ಅಲ್ಲಿ ಚಿತ್ರವಿಲ್ಲ, ಫಾರ್ವರ್ಡ್ ಇಲ್ಲ, ಸ್ವಂತ ದನಿಯ ಮಾತು ಮಾತ್ರ. ಫಾರ್ವರ್ಡ್ ಬೇಡವೆಂದು ಹಟ ಹಿಡಿದವರು ಅಬ್ಬಾ. 2018ರ ಜುಲೈಯಲ್ಲಿ ಪಕ್ಕದ ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ಗಾಳಿಸುದ್ದಿ ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತ್ತು. ಅದೇ ತಿಂಗಳು ಆ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹಾಕತೊಡಗಿತು. ನಂಟು ಬೆಸೆಯುವ ದಾರಿಯಲ್ಲೇ ವಿಷವೂ ಬರುತ್ತದೆ. ಮನೆಯ ಬಾಗಿಲಿಗೆ ಅಗುಳಿ ಹಾಕುವುದು ಮನೆಯವರ ಕೆಲಸ ಎಂದರು ಅಬ್ಬಾ.

ಇಷ್ಟಕ್ಕೆ ಎಲ್ಲ ಸುಸೂತ್ರವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಒಂದು ರಾತ್ರಿ ಪುಣೆಯ ರಿಂಗ್ ಬರಲಿಲ್ಲ. ತಮ್ಮ ಸಿನಿಮಾಕ್ಕೆ ಹೋಗಿ ಮರೆತಿದ್ದ. ದಾದಿಮಾ ಬೆಳಗಿನವರೆಗೆ ಮಲಗಲಿಲ್ಲ. ಅಂದಿನಿಂದ, ರಿಂಗ್ ಬರದಿದ್ದರೆ ಹತ್ತು ಗಂಟೆಗೆ ಮನೆಯವರೇ ಕರೆ ಮಾಡಿ ನೋಡಬೇಕು ಎಂಬ ನಿಯಮ ಸೇರಿತು. 2018ರ ಕೊನೆಯಿಂದ ಕಂಪನಿಗಳು ಒಳಬರುವ ಕರೆಗೂ ತಿಂಗಳ ಕನಿಷ್ಠ ರೀಚಾರ್ಜ್ ಬೇಕೆಂದು ಮಾಡಿದ್ದವು. 28 ದಿನ ಕಳೆದು ರೀಚಾರ್ಜ್ ಮರೆತರೆ ಮುದುಕಿಯ ಫೋನು ಮೂಕವಾಗುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಒಬ್ಬರಿಗೆ ಬಿತ್ತು.

ಆ ಒಬ್ಬರು ಯಾರು? ಹದಿನೈದು ವರ್ಷದ ತಂಗಿ. ಧ್ವನಿ ಸಂದೇಶ ಹಾಕಿ ಕೇಳಿಸುವವಳು ಅವಳು, ದಾದಿಮಾರ ಉತ್ತರ ರೆಕಾರ್ಡ್ ಮಾಡುವವಳು ಅವಳು, ಚಾರ್ಜ್ ನೋಡುವವಳು ಅವಳು. ಆರು ತಿಂಗಳಾದ ಮೇಲೆ ಒಂದು ದಿನ ಅವಳೇ ಹೇಳಿದಳು: "ಮನೆಯ ಎಲ್ಲ ಫೋನ್ ನಾನೇ ನೋಡಬೇಕು. ನನಗೆ ಮಾತ್ರ ಫೋನ್ ಇಲ್ಲ. ಮಶ್ವರಾದಲ್ಲಿ ನನ್ನನ್ನು ಯಾರು ಕೇಳಿದಿರಿ?" ನಮ್ಮ ಅಂಗಳದ ಸಭೆಯಲ್ಲಿ ಅವಳು ಚಹಾ ತಂದುಕೊಟ್ಟಿದ್ದಳು. ಅಮ್ಮಿಯೂ ಅಷ್ಟೇ, ಒಳಗೆ ಅಡುಗೆ ಮಾಡುತ್ತಿದ್ದರು. ಹೊಸದಾಗಿ ಬಂದ ಸೊಸೆಗೆ ಇನ್ನೊಂದು ಸಂಕಟ. ತನ್ನ ತಾಯಿಗೆ ಹೇಳಬೇಕಾದ ಮಾತನ್ನು ಎಲ್ಲರೂ ಕೇಳುವ ಗುಂಪಿನಲ್ಲಿ ಅವಳು ಹೇಗೆ ಹೇಳಿಯಾಳು? ದಾದಿಮಾರನ್ನು ಕೇಳದೆ ಫೋನ್ ಕೊಂಡದ್ದಕ್ಕೆ ನಾಚಿದ್ದ ನಾವು, ಮನೆಯ ಅರ್ಧ ಜನರನ್ನು ಕೇಳದೆ ನಿಯಮ ಮಾಡಿದ್ದೆವು. ಎರಡನೆಯ ಸಲ ಕೂತದ್ದು ಅಡುಗೆಮನೆಯಲ್ಲಿ. ಸಂದೂಕದಲ್ಲಿದ್ದ ಸ್ಮಾರ್ಟ್‌ಫೋನು ತಂಗಿಗೆ ಹೋಯಿತು. ಅಮ್ಮಿಗೂ ಸೊಸೆಗೂ ಅವರವರದೇ ಫೋನು ಬಂತು.

ಈ ವ್ಯವಸ್ಥೆಗೆ ಪರೀಕ್ಷೆ ಬೇಗನೇ ಬಂತು. 2020ರ ಮಾರ್ಚ್‌ನಲ್ಲಿ ದೇಶದಲ್ಲಿ ಕೋವಿಡ್‌ನಿಂದ ಮೊದಲು ತೀರಿಕೊಂಡವರು ಕಲಬುರಗಿಯವರೇ. ಲಾಕ್‌ಡೌನ್‌ನಲ್ಲಿ ಎಲ್ಲರೂ ಇದ್ದಲ್ಲೇ ಸಿಕ್ಕಿಬಿದ್ದೆವು. ಆ ದಿನಗಳಲ್ಲಿ ರಾತ್ರಿಯ ರಿಂಗುಗಳನ್ನು ದಾದಿಮಾ ಒಬ್ಬರೇ ಎಣಿಸಲಿಲ್ಲ, ಮನೆಯೇ ಎಣಿಸಿತು. ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿತು. ಮಹಾರಾಷ್ಟ್ರದ ಮಳೆ, ಜಲಾಶಯಗಳಿಂದ ಬಿಟ್ಟ ನೀರು, ಇಲ್ಲಿಯ ಮಳೆ ಎಲ್ಲ ಸೇರಿ ಅಫಜಲಪುರ, ಜೇವರ್ಗಿಯ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಫುಪ್ಪು ಅವರ ಮನೆಯವರು ರಾತ್ರೋರಾತ್ರಿ ಕಾಳಜಿ ಕೇಂದ್ರವಾಗಿದ್ದ ಶಾಲೆಗೆ ಹೋದರು. ಕರೆಂಟಿರಲಿಲ್ಲ. ಮಗನ ಸ್ಮಾರ್ಟ್‌ಫೋನು ಮಧ್ಯಾಹ್ನಕ್ಕೇ ಆರಿಹೋಗಿತ್ತು. ಫುಪ್ಪು ಸೆರಗಿನ ಗಂಟಿನಲ್ಲಿ ಕೀಪ್ಯಾಡ್ ಫೋನು ಉಳಿದಿತ್ತು. ಸಿಗ್ನಲ್ ಮಾತಿಗೆ ಸಾಲುತ್ತಿರಲಿಲ್ಲ, ಹಲೋ ಎನ್ನುವಷ್ಟರಲ್ಲಿ ಕಡಿದುಹೋಗುತ್ತಿತ್ತು. ಒಂದು ರಿಂಗಿಗೆ ಸಾಕಾಗುತ್ತಿತ್ತು. ಮೂರು ರಾತ್ರಿ ಆಳಂದಕ್ಕೆ ಬಂದದ್ದು ಆ ಒಂದು ರಿಂಗ್ ಮಾತ್ರ. ಮೊದಲ ರಾತ್ರಿ ಅದು ಬಂದಾಗ ಎಲ್ಲರ ಮುಖವೂ ಬಿಳಿಚಿತ್ತು. ದಾದಿಮಾ "ಮೂರನೆಯದು ಬಂತು" ಎಂದು ತಸ್ಬೀಹ್ ಕೈಗೆತ್ತಿಕೊಂಡರು.

ನಾವು ಸೋತದ್ದೂ ಇದೆ. ಧ್ವನಿ ಗುಂಪಿನಲ್ಲಿ ಎರಡು ವರ್ಷ ದಾದಿಮಾ ಬಹಳ ಮಾತಾಡಿದರು. ಹೊಲದ ಕಥೆ, ಲಾಡ್ಲೆ ಮಶಾಯಖ್ ದರ್ಗಾದ ಉರುಸಿನ ನೆನಪು, ಛೋಟಿಮಾರೊಂದಿಗೆ ಜಗಳವಾಡಿದ್ದು. ಅಬ್ಬಾರ ಫೋನು ಕೆಟ್ಟು ರಿಪೇರಿಗೆ ಹೋದಾಗ ಎಲ್ಲ ಅಳಿಸಿಹೋಯಿತು. ನಕಲು ತೆಗೆದಿಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಚಾಚಾರ ಹಳೆಯ ಕ್ಯಾಸೆಟ್ ಮಾತ್ರ ಇನ್ನೂ ಅಲಮಾರಿಯಲ್ಲಿದೆ, ಅದರ ಎರಡನೆಯ ಬದಿಯಲ್ಲಿ ಯೌವನದ ದಾದಿಮಾರ ದನಿಯಿದೆ. ನಾಳೆಗೆ ಉಳಿಯುವಂತೆ ಹೇಗೆ ಇಡುವುದು ಎಂಬುದನ್ನೂ ಮಶ್ವರಾದಲ್ಲಿ ಮೊದಲೇ ಸೇರಿಸಬೇಕಿತ್ತು.

ಈಗ ಯಂತ್ರಗಳು ಮಾತನ್ನೇ ಕೇಳಿ ಬರೆಯುತ್ತವೆ. 2022ರಿಂದ ಕೇಂದ್ರ ಸರ್ಕಾರದ 'ಭಾಷಿಣಿ' ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆ ಜಿಲ್ಲೆ ಜಿಲ್ಲೆಗಳ ಆಡುಮಾತು ಸಂಗ್ರಹಿಸುತ್ತಿದೆ. ಒಳ್ಳೆಯದೇ. ನಾವು ಒಂದು ಫೋನಿಗೆ ದಾದಿಮಾರ ದಖ್ಖನಿ ಕೇಳಿಸಿ ನೋಡಿದೆವು. ಅವರ 'ನಕ್ಕೋ', 'ಹೌ' ಎರಡೂ ಅದಕ್ಕೆ ತಿಳಿಯಲಿಲ್ಲ. ನಮ್ಮ 'ಮಾಡ್ಲಾಕತ್ತೀನಿ'ಯೂ ತಿಳಿಯಲಿಲ್ಲ. ಅವರು ಉರ್ದುವಿನಲ್ಲಿ ಬರೆದದ್ದನ್ನು ಮೊಮ್ಮಗಳು ಕನ್ನಡದಲ್ಲಿ ಓದುವ, ಅವಳು ಕನ್ನಡದಲ್ಲಿ ಬರೆದದ್ದನ್ನು ಅವರು ತಮ್ಮ ದಖ್ಖನಿಯಲ್ಲಿ ಕೇಳುವ ದಿನ ಬರಬಹುದು. ಅದು ನಮ್ಮ ಅಂಗಳಗಳಲ್ಲಿ ಕೂತು ಕೇಳಿಸಿಕೊಂಡವರಿಂದ ಬರಬೇಕು. ಆಳಂದ ತಾಲೂಕಿನ ಕಡಗಂಚಿಯಲ್ಲೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಓದುವ ಮಕ್ಕಳು ತಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ, ಮೊದಲು ತಮ್ಮ ಅಜ್ಜಿಯ ಬಳಿ ಒಂದು ತಾಸು ಕೂರಲಿ. ಅಡುಗೆಮನೆಯಲ್ಲೂ ಒಂದು ತಾಸು ಕೂರಲಿ.

ಇದನ್ನು ಬರೆಯುವ ಮೊದಲು ಎಲ್ಲರನ್ನೂ ಕೇಳಿದ್ದೇವೆ. ದಾದಿಮಾ ಒಪ್ಪಿದರು, ಯಾರ ಹೆಸರೂ ಹಾಕಬೇಡಿ ಎಂದರು. ಛೋಟಿಮಾರ ಸಂಗತಿ ಬರೆಯಲೇ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆಯಿರಿ, ಬೇರೆ ಮನೆಯವರಾದರೂ ಹೇಳಲು ಕಲಿಯಲಿ" ಎಂದರು. ಅವರಿಗೆ ಎಂಬತ್ತು ದಾಟಿ ವರ್ಷಗಳಾದವು. ಕಿವಿ ಮಂದವಾಗಿದೆ, ರಿಂಗ್ ಕೇಳಿಸುವುದಿಲ್ಲ. ಈಗ ಇಶಾ ಆದಮೇಲೆ ಫೋನನ್ನು ಅಂಗೈಯಲ್ಲಿ ಹಿಡಿದು ಕೂರುತ್ತಾರೆ. ಅದು ನಡುಗಿದಾಗಲೆಲ್ಲ ಒಂದೊಂದು ಬೆರಳು ಮಡಚುತ್ತಾರೆ.